ಹಳೆಯ ಪೆಟ್ಟಿಗೆಗೆ ಹೊಸ ಕಿಂಡಿ

"ಅಮ್ಮಾ, ಈ ಡಬ್ಬಾ ಗುಜರಿಗೆ ಹಾಕೋಣ" ಎಂದ ಮಗ. 2013ರಲ್ಲಿ ಅವನಪ್ಪ ತಾವೇ ಕೂತು ಜೋಡಿಸಿದ ಕಂಪ್ಯೂಟರ್ ಅದು. ಈಗ ಅವರಿಲ್ಲ. ಯಂತ್ರ ಚೆನ್ನಾಗಿಯೇ ಇದೆ. ಕೊರತೆ ಒಂದೇ: 2014ರಲ್ಲಿ ರೂಪುಗೊಂಡ ಯುಎಸ್‌ಬಿ-ಸಿ ಕಿಂಡಿ ಅದಕ್ಕಿಲ್ಲ. ನನ್ನ ಹೊಸ ಫೋನಿನ ವೈರಿಗೋ ಎರಡು ತುದಿಯಲ್ಲೂ ಸಿ! ಧಾರವಾಡದಲ್ಲಿ ಅವ್ವನಿಂದ ಹೇಳಿಸಿಕೊಂಡ ಬೀಸುವ ಪದಗಳೆಲ್ಲ ಆ ಫೋನಿನಲ್ಲೇ ಉಳಿದಿದ್ದವು.

ನಾನು ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳು, ತಂತಿಗಳ ಭಾಷೆ ಬಾರದು. ಆದರೂ ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ಹೋದೆ. "ಹೋಈಲ, ಕಾಕೂ" ಎಂದು ಅಂಗಡಿಯವನು ಕೊಟ್ಟದ್ದು ಕೂರಲಿಲ್ಲ. ಅದರ ಕೊಂಡಿ ಹೊಸ ಮದರ್‌ಬೋರ್ಡುಗಳದ್ದು. ಮಗ ಪೆಟ್ಟಿಗೆ ಬಿಚ್ಚಿ ನೋಡಿದಾಗ ಯುಎಸ್‌ಬಿ 3.0ರ 19 ಪಿನ್ನುಗಳ ಜಾಗವೊಂದು ಖಾಲಿಯಿತ್ತು. ಅದರ ಫೋಟೋ ತೋರಿಸಿ, ಅದಕ್ಕೆ ಹೊಂದುವ ಸಿ ಕಿಂಡಿಯ ಫಲಕ ತಂದೆ. ಕೆಟ್ಟಿದ್ದ ಸಿ.ಡಿ. ಡ್ರೈವ್ ತೆಗೆದು ಅಲ್ಲಿ ಅದನ್ನು ಕೂರಿಸಿದೆವು. ಪ್ಲಗ್ ಕಿತ್ತಿಟ್ಟು, ಪಿನ್ನು ಬಾಗದಂತೆ ಮಗ ಕೊಂಡಿಯನ್ನು ನೇರವಾಗಿ ಒತ್ತಿದ. ಹೆಚ್ಚೆಂದರೆ ಸೆಕೆಂಡಿಗೆ 5 ಗಿಗಾಬಿಟ್ ವೇಗ. ಅವ್ವನ ಪದಗಳಿಗೆ ಅದು ಧಾರಾಳ.

ಅವ್ವನ ದನಿ ಮನೆ ತುಂಬಿತು. "ಬೀಸುಕಲ್ಲು ಅಂದ್ರೆ ಏನಮ್ಮಾ?" ಎಂದ ಮಗ. ನಾನು ಹೇಳಲಿಲ್ಲ. ಅಂದು ರಾತ್ರಿ ಅವನೇ ಅಜ್ಜಿಗೆ ಫೋನ್ ಹಚ್ಚಿ, ತಡವರಿಸುತ್ತಾ ಕನ್ನಡದಲ್ಲೇ ಕೇಳಿದ.

ಮಕ್ಕಳೇ, ಹಳೆಯದನ್ನು ಎಸೆಯುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಹೊಸ ಕಿಂಡಿಗೆ ಒಳಗೆ ಜಾಗವಿದ್ದೀತು.