ಟಂಕಸಾಲೆಯ ತಪ್ಪುಗಳು

ಹಳೆಯ ನಾಣ್ಯಗಳನ್ನು ಕೂಡಿಹಾಕುವವರು ಎರಡು ಬಗೆಯ ವಿಲಕ್ಷಣಗಳನ್ನು ಬೇರೆಬೇರೆಯಾಗಿ ಎಣಿಸುತ್ತಾರೆ. ಮೊದಲನೆಯದು ಅಚ್ಚಿನ ಭೇದ. ಅಚ್ಚು ಕೆತ್ತುವವನ ಕೈ ಬದಲಾದರೆ ಆ ಅಚ್ಚಿನಿಂದ ಹೊರಟ ನಾಣ್ಯಗಳೆಲ್ಲವೂ ಆ ಬದಲಾವಣೆಯನ್ನು ಹೊತ್ತಿರುತ್ತವೆ. ಎರಡನೆಯದು ಮುದ್ರಣದೋಷ. ಒಂದು ನಾಣ್ಯ ಅಚ್ಚಿಗೇ ಅಂಟಿಕೊಂಡರೆ ಮುಂದಿನ ಬಿಲ್ಲೆಯ ಮೇಲೆ ಅದೇ ಚಿತ್ರ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡುತ್ತದೆ. ಇದು ಯೋಜನೆಯಲ್ಲ, ಆಕಸ್ಮಿಕ.

ಈ ವಿವೇಕವಿಲ್ಲದ ಕಣ್ಣು ಎಡವುವುದಕ್ಕೆ ಟಿಪ್ಪು ಸುಲ್ತಾನನ ನಾಣ್ಯಗಳೇ ಸಾಕ್ಷಿ. 1782ರಲ್ಲಿ ಪಟ್ಟಕ್ಕೆ ಬಂದ ಆತನು ಮೊದಲು ಹಿಜರಿ ವರ್ಷವನ್ನು ಎಡದಿಂದ ಬಲಕ್ಕೆ ಬರೆಸಿದನು. 1787ರ ಸುಮಾರಿಗೆ ಮೌಲೂದಿ ಶಕೆಯನ್ನು ಆರಂಭಿಸಿ, ಅಂಕಿಗಳನ್ನು ಬಲದಿಂದ ಎಡಕ್ಕೆ ಕೆತ್ತಿಸಿದನು. ಆದುದರಿಂದ 1215ನೆಯ ವರ್ಷವು ನಮ್ಮ ಕಣ್ಣಿಗೆ 5121 ಎಂದು ತೋರುತ್ತದೆ. ಇದನ್ನು ಅಕ್ಕಸಾಲಿಯ ಪ್ರಮಾದವೆಂದು ಬಗೆದವನು ಒಬ್ಬ ಅರಸನ ನಿರ್ಧಾರವನ್ನೇ ಅಳಿಸಿಹಾಕಿದಂತಾಗುತ್ತದೆ.

ಅವನ ತಾಮ್ರದ ಪೈಸೆಗಳ ಮೇಲಿನ ಆನೆಯೂ ಹೀಗೆಯೇ. ಒಂದರಲ್ಲಿ ಅದು ಎಡಕ್ಕೆ ಮುಖಮಾಡಿದರೆ ಇನ್ನೊಂದರಲ್ಲಿ ಬಲಕ್ಕೆ. ಬಾಲ ಒಂದರಲ್ಲಿ ಮೇಲೆದ್ದರೆ ಮತ್ತೊಂದರಲ್ಲಿ ಇಳಿದಿದೆ. ಶ್ರೀರಂಗಪಟ್ಟಣ, ನಗರ, ಬೆಂಗಳೂರು ಮೊದಲಾದ ಟಂಕಸಾಲೆಗಳು ಬೇರೆಬೇರೆ ಅಚ್ಚುಗಳನ್ನು ಬಳಸುತ್ತಿದ್ದುದರಿಂದ ಇವು ಭೇದಗಳೇ ಹೊರತು ದೋಷಗಳಲ್ಲ. ಕೈಯಿಂದ ಹೊಡೆದ ಬಿಲ್ಲೆಯಲ್ಲಿ ಅಚ್ಚು ಪಕ್ಕಕ್ಕೆ ಸರಿದು ಅಕ್ಷರಗಳು ಅರ್ಧಕ್ಕೆ ನಿಂತಿರುವುದೂ ಆ ಕಾಲದ ಸಾಮಾನ್ಯ ಲಕ್ಷಣ. ಒಂದರಲ್ಲಿ ಉಳಿದ ಊರಿನ ಹೆಸರು, ಇನ್ನೊಂದರಲ್ಲಿ ಉಳಿದ ವರ್ಷ ಕೂಡಿದಾಗಲಷ್ಟೇ ಲೇಖ ಪೂರ್ಣವಾಗುತ್ತದೆ. ಸವೆದ ನಾಣ್ಯಗಳನ್ನು ಜೋಡಿಯಾಗಿ ಇರಿಸಿಕೊಳ್ಳುವುದರ ಅರ್ಥ ಇದೇ.

ಇಂದು ದೋಷಕ್ಕೆ ಬೆಲೆ ಬಂದಿರುವುದರಿಂದ ದೋಷವನ್ನು ತಯಾರಿಸುವವರೂ ಹುಟ್ಟಿಕೊಂಡಿದ್ದಾರೆ. ಎರಡು ನಾಣ್ಯಗಳನ್ನು ಹಿಡಿಕೆಯಲ್ಲಿಟ್ಟು ಬಿಗಿದರೆ ಒಂದರ ಮೇಲೆ ಇನ್ನೊಂದರ ತಿರುಗುಬಿಂಬ ಮೂಡುತ್ತದೆ. ಆದರೆ ಆಗ ಮೊದಲೇ ಇದ್ದ ಚಿತ್ರ ಜಜ್ಜಿಹೋಗಿರುತ್ತದೆ. ಟಂಕಸಾಲೆಯಲ್ಲಿ ನಿಜವಾಗಿ ಕೆಟ್ಟ ನಾಣ್ಯದಲ್ಲಿ ಆ ಜಜ್ಜು ಕಾಣದು. ನಾಣ್ಯ ಹೇಗೆ ಹುಟ್ಟಿತೆಂಬುದನ್ನು ಬಲ್ಲವನಿಗೆ ಮಾತ್ರ ಅದು ಹೇಗೆ ಕೆಟ್ಟಿತೆಂಬುದು ತಿಳಿಯುತ್ತದೆ. ಬೆಲೆಯನ್ನಷ್ಟೇ ಬಲ್ಲವನು ಅರಸನ ಇಚ್ಛೆಯನ್ನು ತಪ್ಪೆನ್ನುವನು, ವಂಚಕನ ಕೈಚಳಕವನ್ನು ಅಪೂರ್ವವೆನ್ನುವನು.