ಮರಳುನಾಡಿನ ಗಾಳಿಗೋಪುರ

ಯೂರೋಪಿನಿಂದ ಊರಿಗೆ ಹಿಂದಿರುಗುವಾಗ ದುಬಾಯಿ ನಗರದಲ್ಲಿ ವಿಮಾನವನ್ನು ಬದಲಾಯಿಸಬೇಕಾಗಿದ್ದಿತು. ಒಂದು ವಿಮಾನಕ್ಕೂ ಇನ್ನೊಂದಕ್ಕೂ ನಡುವೆ ಹದಿನೆಂಟು ಗಂಟೆಗಳ ಬಿಡುವು. ಅಷ್ಟು ಹೊತ್ತನ್ನು ನಿಲ್ದಾಣದ ಕುರ್ಚಿಯಲ್ಲಿ ಕುಳಿತು ಕಳೆಯುವುದಕ್ಕಿಂತ, ದಾರಿಹೋಕರಿಗೆ ಕೊಡುವ ಅಲ್ಪಾವಧಿಯ ಪರವಾನಗಿಯನ್ನು ಪಡೆದು ಊರನ್ನು ನೋಡುವುದೇ ಲೇಸೆಂದು ನಿಶ್ಚಯಿಸಿದೆನು. ಇದಕ್ಕೆ ಇನ್ನೊಂದು ಕಾರಣವೂ ಇದ್ದಿತು. ಕುಂದಾಪುರದ ನನ್ನ ಚಿಕ್ಕಮ್ಮನ ಮಗನು ಹತ್ತೊಂಬತ್ತು ವರ್ಷಗಳಿಂದ ಆ ನಗರದಲ್ಲಿ ಉದ್ಯೋಗದಲ್ಲಿರುವನು. ನಾನು ಹೊರಡುವ ಮುನ್ನ ಚಿಕ್ಕಮ್ಮನವರು, "ಆ ದಾರಿಯಾಗಿ ಬರುವುದಾದರೆ ಅವನನ್ನು ಕಂಡು ಬಾ ಮಗಾ. ಊರಿನಲ್ಲಿ ನಿಲ್ಲುವುದಕ್ಕೆ ಎಂದು ಬರುತ್ತಾನೆ ಕೇಳು. ನಾನು ಕೇಳಿದರೆ ನಕ್ಕುಬಿಡುತ್ತಾನೆ" ಎಂದು ಹೇಳಿದ್ದರು.

ನಾನು ಇಳಿದುದು ಜನವರಿ ತಿಂಗಳಿನ ಒಂದು ಭಾನುವಾರದ ಬೆಳಗ್ಗೆ. ತಮ್ಮನು ನಿಲ್ದಾಣದ ಬಾಗಿಲಿನಲ್ಲಿ ಕಾದಿದ್ದನು. ಅರಬರ ನಾಡಿನಲ್ಲಿ ವಾರದ ಬಿಡುವು ಶುಕ್ರವಾರವೆಂದು ನಾನು ತಿಳಿದಿದ್ದೆನು. ಹೊರದೇಶಗಳ ವ್ಯಾಪಾರಕ್ಕೆ ಹೊಂದಿಕೆಯಾಗಲೆಂದು ೨೦೨೨ನೆಯ ಇಸವಿಯ ಜನವರಿಯಿಂದ ಸರಕಾರದವರು ಬಿಡುವನ್ನು ಶನಿವಾರ ಭಾನುವಾರಗಳಿಗೆ ತಿರುಗಿಸಿದರೆಂದೂ, ತನ್ನ ಕಂಪೆನಿಯಲ್ಲಿ ಭಾನುವಾರ ಮಾತ್ರ ರಜೆಯೆಂದೂ ಅವನು ವಿವರಿಸಿದನು. ಚಾಲಕನಿಲ್ಲದೆ ತಾನೇ ಓಡುವ ಮೆಟ್ರೊ ರೈಲು ನಮ್ಮನ್ನು ಹಳೆಯ ಊರಿಗೆ ಕರೆದೊಯ್ದಿತು. "ಮೊದಲು ಎತ್ತರದ ಗೋಪುರವನ್ನು ನೋಡೋಣವೇ?" ಎಂದು ಕೇಳಿದೆನು. "ಅದು ಎಲ್ಲಿಗೂ ಓಡಿಹೋಗುವುದಿಲ್ಲ, ಅಣ್ಣ. ಮೊದಲು ನೀರನ್ನು ನೋಡಿ" ಎಂದನು.

ನೀರೆಂದರೆ ಕ್ರೀಕ್. ಸಮುದ್ರವು ಮರಳಿನೊಳಕ್ಕೆ ನಾಲಗೆಯಂತೆ ಚಾಚಿ ಊರನ್ನು ಎರಡಾಗಿ ಸೀಳಿರುವುದು. ಅರಬರು ಇದನ್ನು ಖೋರ್ ಎನ್ನುವರು. ಒಂದು ದಡದಲ್ಲಿ ದೇರಾ, ಇನ್ನೊಂದು ದಡದಲ್ಲಿ ಬರ್ ದುಬಾಯಿ. ದಾಟುವುದಕ್ಕೆ ಅಬ್ರಾ ಎಂಬ ಮರದ ದೋಣಿಗಳುಂಟು. ತಲೆಗೆ ಒಂದು ದಿರ್ಹಮ್ ಕೂಲಿ. ದಡದಲ್ಲಿ ಸರಕಿನ ಮರದ ಹಡಗುಗಳು ಒಂದರ ಪಕ್ಕದಲ್ಲೊಂದು ಕಟ್ಟಿ ನಿಂತಿದ್ದವು. ನಮ್ಮ ಮಂಗಳೂರು ಬಂದರದ ಮಂಜಿಗಳನ್ನು ಕಂಡವರಿಗೆ ಇವು ಅಪರಿಚಿತವೆನಿಸುವುದಿಲ್ಲ.

ದುಬಾಯಿಯ ಸಿರಿಯೆಲ್ಲವೂ ಎಣ್ಣೆಯಿಂದ ಬಂದುದೆಂದು ನಮ್ಮಲ್ಲಿ ಅನೇಕರ ಭಾವನೆ. ದೋಣಿಯಲ್ಲಿ ಕುಳಿತಾಗ ನನಗೆ ಅದು ಪೂರ್ಣ ಸತ್ಯವಲ್ಲವೆಂದು ತೋರಿತು. ಹಿಂದೆ ಈ ಊರಿನವರು ಮುತ್ತಿನಿಂದ ಬದುಕುತ್ತಿದ್ದರು. ಮುಳುಗುಗಾರರು ಹಡಗಿನವರಿಂದ ಮುಂಗಡ ಹಣವನ್ನು ಪಡೆದು ಬೇಸಗೆಯ ತಿಂಗಳುಗಳೆಲ್ಲ ಕಡಲಿನಲ್ಲಿರುವರು. ಸಿಕ್ಕಿದ ಮುತ್ತು ಸಾಲಕ್ಕೆ ಸಾಲದೆ ಮರುವರ್ಷವೂ ಮುಳುಗುವರು. ೧೯೩೦ರ ಸುಮಾರಿನಲ್ಲಿ ಲೋಕದ ವ್ಯಾಪಾರವೇ ಕುಸಿಯಿತು; ಜಪಾನಿನವರು ಬೆಳೆಸಿದ ಮುತ್ತುಗಳೂ ಪೇಟೆಗೆ ಬಂದವು. ಮುತ್ತಿನ ಬಾಳು ಮುಗಿಯಿತು. ಆಗ ಉಳಿದುದು ಈ ಕ್ರೀಕ್ ಒಂದೇ. ಅದೂ ಹೂಳು ತುಂಬಿ ಹಡಗುಗಳು ಒಳಗೆ ಬಾರದಂತಾಗುತ್ತಿದ್ದಿತು. ೧೯೫೮ರಲ್ಲಿ ಪಟ್ಟಕ್ಕೆ ಬಂದ ಶೇಖ್ ರಶೀದರು ಕುವೈಟಿನಿಂದ ಸಾಲ ತಂದು ಹೂಳನ್ನು ತೆಗೆಸಿದರು. ಕಡಲಿನ ತಳದಲ್ಲಿ ಎಣ್ಣೆ ಕಂಡುಬಂದುದು ಅದಕ್ಕೂ ಹಿಂದಣಿಂದ ಈಚೆಗೆ, ೧೯೬೬ರಲ್ಲಿ. ಎಂದರೆ, ಕೈಯಲ್ಲಿ ಹಣವಿಲ್ಲದಾಗಲೇ ಸಾಲಮಾಡಿ ಬಂದರನ್ನು ಆಳಮಾಡಿದ ಸಾಹಸವೇ ಈ ನಗರದ ಮೂಲಧನ.

ಇನ್ನೊಂದು ಸಂಗತಿ ನಮಗೆ ಸಂಬಂಧಿಸಿದುದು. ಈ ತೀರದಲ್ಲಿ ಬಹುಕಾಲ ನಡೆಯುತ್ತಿದ್ದ ನಾಣ್ಯವು ನಮ್ಮ ಭಾರತದ ರೂಪಾಯಿಯೇ. ೧೯೫೯ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಈ ನಾಡುಗಳಿಗಾಗಿ ಬೇರೆ ನೋಟುಗಳನ್ನೇ ಅಚ್ಚುಹಾಕಿಸಿತು. ೧೯೬೬ರಲ್ಲಿ ರೂಪಾಯಿಯ ಬೆಲೆಯನ್ನು ಇಳಿಸಿದ ಮೇಲೆ ದುಬಾಯಿಯವರು ಅದನ್ನು ಕೈಬಿಟ್ಟರು. ಈಗ ಒಂದು ದಿರ್ಹಮಿಗೆ ಇಪ್ಪತ್ತಕ್ಕೂ ಮೀರಿ ರೂಪಾಯಿಗಳನ್ನು ಎಣಿಸಬೇಕು. ಆ ವ್ಯತ್ಯಾಸವೇ ನನ್ನ ತಮ್ಮನಂಥ ಸಾವಿರಾರು ಜನರನ್ನು ಇಲ್ಲಿಗೆ ಎಳೆತಂದಿರುವುದು.

ದಡವನ್ನು ಹತ್ತಿ ಅಲ್ ಫಹೀದಿ ಎಂಬ ಹಳೆಯ ಕೇರಿಗೆ ಹೋದೆವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿನ ಆಳರಸರು ಸುಂಕವನ್ನು ತೆಗೆದುಹಾಕಿದರಾಗಿ, ಪಾರಸಿಕ ತೀರದ ವರ್ತಕರು ಬಂದು ನೆಲೆಸಿದರು. ಬಸ್ತಕ್ ಎಂಬ ತಮ್ಮ ಊರಿನ ನೆನಪಿಗೆ ಕೇರಿಯನ್ನು ಬಸ್ತಕಿಯಾ ಎಂದು ಕರೆದರು. ಕಡಲಿನಿಂದ ತೆಗೆದ ಹವಳದ ಕಲ್ಲಿನ ಗೋಡೆಗಳು. ಇಬ್ಬರು ಎದುರುಬದುರಾದರೆ ಮೈ ತಾಗುವಂಥ ನೆರಳುಗೂಡಿದ ಓಣಿಗಳು. ಪ್ರತಿ ಮನೆಯ ಮೇಲೂ ಒಂದು ಚೌಕನೆಯ ಗೋಪುರ.

ನಮ್ಮ ನುಡಿಯಲ್ಲಿ ಗಾಳಿಗೋಪುರವೆಂದರೆ ನಿಲ್ಲದ ಮನೋರಾಜ್ಯ. ಇಲ್ಲಿ ಅದು ಕಲ್ಲುಗಾರೆಯ ಸತ್ಯವಸ್ತು. ಬರ್ಜೀಲ್ ಎಂದು ಇದಕ್ಕೆ ಹೆಸರು. ಗೋಪುರದ ನಾಲ್ಕು ಮುಖಗಳೂ ಮೇಲುಗಡೆ ತೆರೆದಿರುವುವು. ಒಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡಗೋಡೆಗಳನ್ನು ಎಬ್ಬಿಸಿ ನಾಲ್ಕು ಕೊಳವೆಗಳಾಗಿ ವಿಭಾಗಿಸಿರುವರು. ಗಾಳಿಯು ಯಾವ ದಿಕ್ಕಿನಿಂದ ಬೀಸಿದರೂ ಆ ಕಡೆಯ ಬಾಯಿಗೆ ಸಿಕ್ಕಿ ಕೆಳಗಿನ ಕೋಣೆಗೆ ಇಳಿಯುತ್ತದೆ. ಕೋಣೆಯ ಬಿಸಿಗಾಳಿಯು ಎದುರಿನ ಕೊಳವೆಯಿಂದ ಮೇಲೇರಿ ಹೊರಟುಹೋಗುತ್ತದೆ. ನನ್ನ ತಮ್ಮನು ಗೋಪುರದ ಕೆಳಗೆ ನಿಂತು ಅಂಗೈಯನ್ನು ಮೇಲಕ್ಕೆತ್ತಿ ಗಾಳಿಯನ್ನು ಪರೀಕ್ಷಿಸಿದನು. ಕಟ್ಟಡಗಳ ತಂಪುಯಂತ್ರಗಳನ್ನು ದುರಸ್ತಿಮಾಡುವುದು ಅವನ ಕಸುಬು. "ಅಣ್ಣ, ಇದಕ್ಕೆ ಗ್ಯಾಸು ತುಂಬಬೇಕಾಗಿಲ್ಲ, ಕರೆಂಟೂ ಬೇಡ. ಊರೆಲ್ಲ ಹೀಗೆಯೇ ಇದ್ದಿದ್ದರೆ ನನಗೆ ಇಲ್ಲಿ ಕೆಲಸವೇ ಇರುತ್ತಿರಲಿಲ್ಲ" ಎಂದು ನಕ್ಕನು. ಈ ಕೇರಿಯ ಒಂದು ಭಾಗವನ್ನು ೧೯೮೦ರ ದಶಕದಲ್ಲಿ ಕೆಡವಿಬಿಟ್ಟರು. ಉಳಿದುದನ್ನು ಈಗ ಜೋಪಾನವಾಗಿ ಕಾಪಾಡುತ್ತಿರುವರು.

ನಡುಹಗಲಿಗೆ ಉಡುಪಿಯವರ ಹೋಟೆಲೊಂದರಲ್ಲಿ ಊಟಮಾಡಿ, ಅವನ ಬಿಡಾರಕ್ಕೆ ಹೋದೆವು. ಒಂದು ಕೋಣೆ, ಆರು ಮಂಚ. ಒಬ್ಬೊಬ್ಬರ ತಲೆದೆಸೆಯಲ್ಲಿಯೂ ಮಕ್ಕಳ ಚಿತ್ರ. ಕಿಟಕಿಯನ್ನು ತೆರೆಯುವ ರೂಢಿಯಿಲ್ಲ; ಹಗಲೂ ರಾತ್ರಿಯೂ ಯಂತ್ರ ಗುಂಯ್ಗುಡುತ್ತಿರುತ್ತದೆ. ಆಷಾಢ ಶ್ರಾವಣಗಳಲ್ಲಿ ಇಲ್ಲಿನ ಬಿಸಿಲು ೪೫ ಡಿಗ್ರಿಯನ್ನೂ ಮೀರುವುದುಂಟು. ಅದಕ್ಕಾಗಿ ಜೂನ್ ೧೫ರಿಂದ ಸೆಪ್ಟೆಂಬರ್ ೧೫ರ ವರೆಗೆ ನಡುಹಗಲು ಹನ್ನೆರಡೂವರೆಯಿಂದ ಮೂರು ಗಂಟೆಯ ತನಕ ಬಿಸಿಲಿನಲ್ಲಿ ಕೆಲಸಮಾಡಿಸಕೂಡದೆಂದು ಕಾನೂನಿರುವುದು. ಆದರೆ ಯಂತ್ರವು ಕೆಡುವುದು ಬೇಸಗೆಯಲ್ಲೇ, ಅದು ಇರುವುದು ತಾರಸಿಯ ಮೇಲೆಯೇ.

ನಾನು ಚಿಕ್ಕಮ್ಮನವರ ಪ್ರಶ್ನೆಯನ್ನು ಕೇಳಿದೆನು. ಅವನು ನಗಲಿಲ್ಲ. "ಬಂದ ಮೊದಲ ಮೂರು ವರ್ಷ ನನ್ನನ್ನು ಕಳುಹಿಸಿದ ದಲ್ಲಾಳಿಯ ಸಾಲಕ್ಕೆ ಹೋಯಿತು. ಆಮೇಲೆ ತಂಗಿಯ ಮದುವೆ. ಆಮೇಲೆ ಮನೆ. ಈಗ ಮಗಳ ಓದು, ಇನ್ನೆರಡು ವರ್ಷ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ಇಷ್ಟು ಸಂಬಳ ಇರಬೇಕೆಂದು ನಿಯಮ, ನನಗೆ ಅಷ್ಟಿಲ್ಲ. ಕಟ್ಟಿಸಿದ ಮನೆಯಲ್ಲಿ ನಾನು ಮಲಗಿದ ರಾತ್ರಿಗಳನ್ನು ಎಣಿಸಿದರೆ ನೂರೈವತ್ತು ಆಗಬಹುದು, ಅಣ್ಣ."

"ಹಾಗಾದರೆ ಎರಡು ವರ್ಷವೆಂದು ಹೇಳಲೇ?"

"ಹತ್ತು ವರ್ಷಗಳ ಹಿಂದೆಯೂ ನಾನು ಎರಡು ವರ್ಷವೆಂದೇ ಹೇಳಿದ್ದೆ."

ಸಂಜೆಗೆ ಬುರ್ಜ್ ಖಲೀಫಾ ಗೋಪುರಕ್ಕೆ ಹೋದೆವು. ೨೦೧೦ನೆಯ ಇಸವಿಯ ಜನವರಿ ೪ರಂದು ತೆರೆದ ಈ ಕಟ್ಟಡದ ಎತ್ತರ ೮೨೮ ಮೀಟರು. ನಮ್ಮ ಜೋಗದ ಜಲಪಾತವು ೨೫೩ ಮೀಟರು; ಅಂಥ ಮೂರನ್ನು ಒಂದರ ಮೇಲೊಂದು ನಿಲ್ಲಿಸಿದರೂ ಇದರ ತುದಿಯನ್ನು ಮುಟ್ಟಲಾರವು. ಮೇಲಿನ ಅಂತಸ್ತಿನವರಿಗೆ ಸೂರ್ಯನು ತಡವಾಗಿ ಮುಳುಗುವುದರಿಂದ, ರಂಜಾನಿನಲ್ಲಿ ಅವರು ಉಪವಾಸವನ್ನು ಎರಡು ಮೂರು ನಿಮಿಷ ತಡೆದು ಬಿಡಬೇಕೆಂದು ೨೦೧೧ರಲ್ಲಿ ಧರ್ಮಗುರುಗಳು ವಿಧಿಸಿರುವರು. ಹತ್ತೊಂಬತ್ತು ವರ್ಷ ಇದೇ ಊರಿನಲ್ಲಿದ್ದರೂ, ಈ ಗೋಪುರವು ಕಟ್ಟಡವಾಗಿ ಏಳುವುದನ್ನು ದಿನವೂ ಕಂಡಿದ್ದರೂ, ತಮ್ಮನು ಒಮ್ಮೆಯೂ ಅದನ್ನು ಹತ್ತಿರಲಿಲ್ಲ. ಆ ಚೀಟಿಯ ಹಣಕ್ಕೆ ಊರಿನ ಮನೆಗೆ ಒಂದು ತಿಂಗಳ ಅಕ್ಕಿ ಬರುವುದೆಂದು ಹಿಂಜರಿದನು. ಅಣ್ಣನೆಂಬ ಅಧಿಕಾರದಿಂದ ನಾನು ಎರಡು ಚೀಟಿಗಳನ್ನು ಕೊಂಡೆನು.

ನೂರಿಪ್ಪತ್ತನಾಲ್ಕನೆಯ ಅಂತಸ್ತಿಗೆ ಒಂದು ನಿಮಿಷದಲ್ಲಿ ಏರಿದೆವು. ಒಂದು ಕಡೆ ಕಡಲು, ಇನ್ನೊಂದು ಕಡೆ ಕೊನೆ ಕಾಣದ ಮರಳು, ನಡುವೆ ದೀಪಗಳ ಸಾಲು. ವರ್ಷಕ್ಕೆ ೧೦೦ ಮಿಲಿಮೀಟರಿನಷ್ಟು ಮಳೆಯೂ ನಂಬಿಕೆಯಾಗಿ ಬೀಳದ ಈ ನೆಲದಲ್ಲಿ, ಕುಡಿಯುವ ನೀರೂ ಕಡಲಿನ ಉಪ್ಪನ್ನು ಬಿಡಿಸಿ ಮಾಡಿದುದು. ಎಲ್ಲರೂ ಕಾರಂಜಿಯನ್ನೂ ರಸ್ತೆಗಳನ್ನೂ ನೋಡುತ್ತಿದ್ದರು. ತಮ್ಮನು ಗಾಜಿಗೆ ಹಣೆಯಿಟ್ಟು ತಾರಸಿಗಳನ್ನು ಹುಡುಕುತ್ತಿದ್ದನು. "ಅಗೋ ಅಲ್ಲಿ, ಅಣ್ಣ. ಆ ಚಪ್ಪಟೆ ಕಟ್ಟಡದ ಮೇಲೆ ಹದಿನಾರು ಯಂತ್ರಗಳಿವೆಯಲ್ಲ, ಅವು ನನ್ನವು" ಎಂದನು. ಅವನ ದನಿಯಲ್ಲಿ ಹೆಮ್ಮೆಯಿದ್ದಿತು. ಈ ನಗರವು ಯಾರ ದುಡಿಮೆಯ ಮೇಲೆ ನಿಂತಿದೆಯೋ ಅವರಲ್ಲಿ ಹೆಚ್ಚಿನವರಿಗೆ, ಕೆಲಸ ಮುಗಿದ ದಿನ ಇಲ್ಲಿನ ವಾಸವೂ ಮುಗಿಯುತ್ತದೆ. ಆದರೂ ಆ ಹೆಮ್ಮೆ ಸುಳ್ಳಾಗಿರಲಿಲ್ಲ. ಬಳಿಕ ಅವನು ಆಗ್ನೇಯ ದಿಕ್ಕಿನ ಗಾಜಿನ ಬಳಿಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತನು. ಅದು ನಮ್ಮ ಊರಿನ ದಿಕ್ಕು.

ಮಕ್ಕಳನ್ನು ಹೊರನಾಡಿಗೆ ಕಳುಹಿಸುವ ಗೃಹಸ್ಥರಿಗೆ ನಾನು ಬೇಡವೆನ್ನಲಾರೆನು. ಆ ದುಡಿಮೆಯಿಂದ ಎಷ್ಟೋ ಮನೆಗಳ ದೀಪ ಉರಿಯುತ್ತಿರುವುದು. ಸಾಲಮಾಡಿ ಕಳುಹಿಸಬೇಡಿರಿ, ಹಿಂದಿರುಗುವ ವರ್ಷವನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿರಿ ಎಂದು ಮಾತ್ರ ಹೇಳಬಲ್ಲೆನು.

ಮುಂದಿನ ವಾರ ಕುಂದಾಪುರಕ್ಕೆ ಹೋದೆನು. ಚಿಕ್ಕಮ್ಮನವರು ಹೊಸ ಮನೆಯ ಜಗಲಿಯ ಮೇಲೆ ಕುಳಿತಿದ್ದರು. ಕಡಲ ಗಾಳಿ ತೆಂಗಿನ ತೋಟವನ್ನು ದಾಟಿ ಬರುತ್ತಿದ್ದಿತು. ಗೋಪುರದ ಎತ್ತರವನ್ನೂ ರೈಲಿನ ಸೊಗಸನ್ನೂ ಬಣ್ಣಿಸಿದೆನು. ಎರಡು ವರ್ಷವೆಂದು ಹೇಳಿದನೆಂದೂ ತಿಳಿಸಿದೆನು. ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ, "ಅವನು ಮಲಗುವ ಕೋಣೆಗೆ ಗಾಳಿ ಬರುತ್ತದೆಯೇ ಮಗಾ?" ಎಂದು ಕೇಳಿದರು.

"ಬರುತ್ತದೆ ಚಿಕ್ಕಮ್ಮ, ತಂಪಾದ ಗಾಳಿ" ಎಂದೆನು. ಯಂತ್ರದ್ದೆಂದು ಹೇಳಲಿಲ್ಲ.