ಉದ್ರಿ ಪುಸ್ತಕ ಮತ್ತು ಕ್ರೆಡಿಟ್ ಕಾರ್ಡ್

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ನಾವು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡುತ್ತ ಬೆಳೆದವರು. ಬಾಕಿ ಏರಿದರೆ ಅಂಗಡಿಯವರೇ ‘ನಿಮ್ಮಪ್ಪಗ ಹೇಳ್ಲೇನು?’ ಅನ್ನುತ್ತಿದ್ದರು. ಕ್ರೆಡಿಟ್ ಕಾರ್ಡ್ ಗದರಿಸುವುದಿಲ್ಲ. ಕನಿಷ್ಠ ಮೊತ್ತ ಕಟ್ಟಿದರೂ ನಡೆಯುತ್ತದೆ ಅನ್ನುತ್ತದೆ. ಡಿಗ್ರಿ ಓದುವ ನಮ್ಮ ತಮ್ಮ-ತಂಗಿಯರು ಎಡವುವುದು ಅಲ್ಲೇ.

ತಿಂಗಳಿಗೆ ಶೇ 3.5 ಬಡ್ಡಿಯ ಕಾರ್ಡಿನಲ್ಲಿ 10,000 ರೂಪಾಯಿ ಬಾಕಿ ಉಳಿದರೆ ಬಡ್ಡಿ 350, ಅದರ ಮೇಲೆ ಜಿಎಸ್‌ಟಿ 63. ಕನಿಷ್ಠವೆಂದು 500 ಕಟ್ಟಿದರೆ ಅಸಲಿಗೆ ಹೋಗುವುದು ಬರೀ 87. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೂ ಜೋಡಿಸಬಹುದು. ಮಿರ್ಚಿ-ಗಿರಮಿಟ್ಟೂ ಸಾಲದ ಲೆಕ್ಕಕ್ಕೆ ಸೇರುತ್ತದೆ.

ಖಾತೆಯಲ್ಲಿ ಇರುವಷ್ಟೇ ಉಜ್ಜಿ, ಬಿಲ್ ಪೂರ್ತಿ ಕಟ್ಟಿ. ಆಗದಿದ್ದರೆ ಮನೆಯಲ್ಲಿ ಹೇಳಿ. ಬೈಗುಳಕ್ಕೆ ಬಡ್ಡಿ ಇಲ್ಲ; ಸಾಲ ತೀರಿಸಲು ತೆಗೆದ ಆ್ಯಪಿನ ಸಾಲಕ್ಕೆ ಇದೆ.